ಬಾಂಬಿನ ನೀರಿಗೆ ಬಜೆಯ ಬೇರು

ಮದುವೆಮನೆಯ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತವರು ನಮ್ಮ ಮೇಲೆ ಚಿಮುಕಿಸುವ ಗುಲಾಬಿ ನೀರಿಗೆ ಪರಿಮಳ ಇರುತ್ತದೆ, ಬಣ್ಣ ಇರುವುದಿಲ್ಲ. ಅಮೆರಿಕದ ಮದ್ದುಗುಂಡು ಕಾರ್ಖಾನೆಗಳಲ್ಲಿ ‘ಪಿಂಕ್ ವಾಟರ್’ ಎಂದು ಕರೆಯುವ ಇನ್ನೊಂದು ಗುಲಾಬಿ ನೀರಿದೆ. ಅದರ ಕಥೆ ತಿರುಗುಮುರುಗು. ಕಾರ್ಖಾನೆಯಿಂದ ಹೊರಬೀಳುವಾಗ ಅದು ಹೆಚ್ಚೂಕಡಿಮೆ ತಿಳಿಯಾಗಿಯೇ ಇರುತ್ತದೆ. ಹೊಂಡದಲ್ಲಿ ನಿಂತು ಬಿಸಿಲು ಕಂಡ ಮೇಲೆ ನಿಧಾನಕ್ಕೆ ಕೆಂಪಡರುತ್ತದೆ. ನೋಡಲು ಚೆಂದ. ಅದರೊಳಗೆ ಕರಗಿರುವುದು ಟಿಎನ್‌ಟಿ.

ನೀರಿಗೆ ಸ್ಫೋಟಕ ಸೇರುವುದು ಹೇಗೆ ಎಂದು ಕೇಳಿದರೆ ಉತ್ತರ ತೀರಾ ಮನೆವಾರ್ತೆಯದು: ತೊಳೆಯುವುದರಿಂದ. ಶೆಲ್ಲಿಗೆ ಟಿಎನ್‌ಟಿ ತುಂಬುವ ಕೆಲಸ ಆಲೆಮನೆಯಲ್ಲಿ ಬೆಲ್ಲದ ಪಾಕವನ್ನು ಅಚ್ಚಿಗೆ ಹೊಯ್ದಂತೆಯೇ ನಡೆಯುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಅದು ಕರಗುತ್ತದೆ. ಬೆಂಕಿ ಬೇಕಿಲ್ಲ, ಹಬೆ ಸಾಕು. ಹೊಯ್ಯುವಾಗ ಚೆಲ್ಲುತ್ತದೆ, ಪಾತ್ರೆಗೆ ಅಂಟುತ್ತದೆ, ನೆಲಕ್ಕೆ ಧೂಳಾಗಿ ಕೂರುತ್ತದೆ. ಸ್ಫೋಟಕದ ಧೂಳನ್ನು ಯಾರೂ ಒಣ ಪೊರಕೆಯಿಂದ ಗುಡಿಸುವುದಿಲ್ಲ, ನೀರು ಹಾಯಿಸಿ ತೊಳೆಯುತ್ತಾರೆ. ಹಳತಾದ ಬಾಂಬುಗಳನ್ನು ಖಾಲಿ ಮಾಡುವುದೂ ಹೀಗೆಯೇ, ಬಿಸಿನೀರು ಮತ್ತು ಹಬೆ ನುಗ್ಗಿಸಿ ಹೊಟ್ಟೆ ತೊಳೆಯುವುದು. ಎರಡನೇ ಮಹಾಯುದ್ಧದ ಕಾಲದಿಂದ ದಶಕಗಳವರೆಗೆ ಈ ತೊಳೆದ ನೀರು ಹೋಗಿ ಸೇರುತ್ತಿದ್ದದ್ದು ಕಾರ್ಖಾನೆಯ ಹಿತ್ತಲಿನ ಮಣ್ಣಿನ ಹೊಂಡಕ್ಕೆ. ಹೊಂಡದ ತಳಕ್ಕೆ ಹಾಸಿಲ್ಲ, ಹೊದಿಕೆಯಿಲ್ಲ. ಇಂಗಿದ್ದು ಇಂಗಿತು, ಆರಿದ್ದು ಆರಿತು.

ಟಿಎನ್‌ಟಿ ಹುಟ್ಟಿದ್ದು ಬಾಂಬಿಗಾಗಿ ಅಲ್ಲ. 1863ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಲಿಯಸ್ ವಿಲ್‌ಬ್ರಾಂಡ್ ಅದನ್ನು ತಯಾರಿಸಿದಾಗ ಅದೊಂದು ಹಳದಿ ಬಣ್ಣದ ಸಾಮಗ್ರಿ. ಸಿಡಿಯುವುದಕ್ಕೆ ಅದು ಎಷ್ಟು ಮೈಗಳ್ಳ ಎಂದರೆ ಸ್ಫೋಟಕವೆಂದು ಗುರುತಿಸಲು ಜನಕ್ಕೆ ಇನ್ನೂ ಕೆಲವು ದಶಕಗಳೇ ಬೇಕಾದವು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಶೆಲ್ ಕಾರ್ಖಾನೆಗಳಲ್ಲಿ ದುಡಿದ ಹೆಣ್ಣುಮಕ್ಕಳ ಮೈ, ಕೂದಲು ಎಲ್ಲ ಅರಿಸಿನ ಬಳಿದಂತಾಗಿ, ಊರಿನವರು ಅವರನ್ನು ‘ಕೆನರಿ ಹಕ್ಕಿಗಳು’ ಎಂದು ಕರೆದರು. ಎಲ್ಲರದೂ ತಮಾಷೆಯಲ್ಲಿ ಮುಗಿಯಲಿಲ್ಲ. ಯಕೃತ್ತು ಕೆಟ್ಟು ಕಾಮಾಲೆಯಾಗಿ ಸತ್ತವರೂ ಇದ್ದಾರೆ.

ಇನ್ನೊಂದು ಹೆಸರು ಕನ್ನಡದ ಓದುಗರಿಗೆ 1993ರ ಮುಂಬಯಿ ಸ್ಫೋಟದ ದಿನದಿಂದ ಬಾಯಿಪಾಠ: ಆರ್‌ಡಿಎಕ್ಸ್. ಇದರ ಜಾತಕ ಇನ್ನೂ ವಿಚಿತ್ರ. 19ನೇ ಶತಮಾನದ ಕೊನೆಗೆ ಜರ್ಮನಿಯ ಗೆಯೋರ್ಗ್ ಹೆನ್ನಿಂಗ್ ಇದಕ್ಕೆ ಪೇಟೆಂಟ್ ಪಡೆದದ್ದು ಔಷಧಕ್ಕೆ ಬಳಸುವ ಆಲೋಚನೆಯಿಂದ. ಮುಂದೆ ಅದು ಇಲಿ ಪಾಷಾಣವಾಗಿಯೂ ಬಳಕೆಯಾಯಿತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಆರ್‌ಡಿಎಕ್ಸ್ ಇರುವ ಸಿ-4 ಉಂಡೆಯನ್ನು ಊಟ ಬಿಸಿಮಾಡಲು ಉರಿಸುತ್ತಿದ್ದರು. ಕೆಲವರು ಅದನ್ನು ಬಾಯಿಗೂ ಹಾಕಿಕೊಂಡು ಫಿಟ್ಸ್ ಬಂದು ಆಸ್ಪತ್ರೆ ಸೇರಿದ ದಾಖಲೆಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಇದು ಹೊಡೆಯುವುದು ನರಕ್ಕೆ.

ನೀರಿನ ಲೆಕ್ಕದಲ್ಲಿ ಇವೆರಡರ ಸ್ವಭಾವ ಬೇರೆ ಬೇರೆ. ಟಿಎನ್‌ಟಿ ಮಣ್ಣಿಗೆ ಅಂಟಿಕೊಳ್ಳುತ್ತದೆ, ದೂರ ಹೋಗುವುದಿಲ್ಲ. ಆರ್‌ಡಿಎಕ್ಸ್ ನೀರಲ್ಲಿ ಟಿಎನ್‌ಟಿಯಷ್ಟೂ ಕರಗದು, ಆದರೆ ಕರಗಿದ್ದು ಮಣ್ಣಿನ ಹಂಗಿಲ್ಲದೆ ಸೀದಾ ಅಂತರ್ಜಲಕ್ಕೆ ಇಳಿದು ನೀರು ಹರಿದ ಕಡೆಗೆಲ್ಲ ಹರಿಯುತ್ತದೆ. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಕುಡಿಯುವ ನೀರಿಗೆ ಕೊಟ್ಟ ಆರೋಗ್ಯ ಸಲಹಾ ಮಟ್ಟ ಎರಡಕ್ಕೂ ಒಂದೇ, ಲೀಟರಿಗೆ 2 ಮೈಕ್ರೊಗ್ರಾಂ. ಒಂದು ಗ್ರಾಂ ಆರ್‌ಡಿಎಕ್ಸ್ ಐದು ಲಕ್ಷ ಲೀಟರ್ ನೀರನ್ನು ಆ ಗೆರೆಯವರೆಗೆ ಎಳೆದು ತರಬಲ್ಲದು. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿ ಸೈನಿಕ ತರಬೇತಿ ಮೈದಾನದ ಕೆಳಗೇ ಊರಿನ ಕುಡಿಯುವ ನೀರಿನ ಮೂಲವಿತ್ತು. 1997ರಲ್ಲಿ ಆ ಸಂಸ್ಥೆ ಅಲ್ಲಿ ಫಿರಂಗಿ ಹಾರಿಸುವ ತಾಲೀಮನ್ನೇ ನಿಲ್ಲಿಸಿತು. ಕುಡಿಯುವ ನೀರಿನ ಹೆಸರಲ್ಲಿ ಸೈನ್ಯದ ತೋಪುಗಳು ಸುಮ್ಮನಾದ ಅಪರೂಪದ ಸಂಗತಿ ಅದು.

ಈ ನೀರನ್ನು ತೊಳೆಯುವ ಹಳೆಯ ದಾರಿ ಇದ್ದಿಲು. ಕಲ್ಲಿದ್ದಲಿನಿಂದಲೋ ತೆಂಗಿನ ಚಿಪ್ಪಿನಿಂದಲೋ ಮಾಡಿದ ಸಕ್ರಿಯ ಇಂಗಾಲದ ಕೊಳವೆಗಳ ಮೂಲಕ ನೀರು ಹಾಯಿಸಿದರೆ ಟಿಎನ್‌ಟಿ ಅದರ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತದೆ, ನೀರು ತಿಳಿಯಾಗಿ ಹೊರಬರುತ್ತದೆ. ತಿಪಟೂರಿನ ಕಡೆ ಚಿಪ್ಪು ಸುಡುವ ಗುಂಡಿಗಳನ್ನು ಕಂಡವರಿಗೆ ಈ ಇದ್ದಿಲಿನ ಮೊದಲ ಅಧ್ಯಾಯ ಗೊತ್ತು. ಮನೆಯ ವಾಟರ್ ಫಿಲ್ಟರಿನ ಒಳಗಿರುವುದೂ ಅದೇ. ಕೆಲಸವೇನೋ ಅಚ್ಚುಕಟ್ಟು. ಆದರೆ ಸ್ಫೋಟಕ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ನೀರಿನಿಂದ ಇದ್ದಿಲಿಗೆ ದಾಟಿತು, ಅಷ್ಟೆ. ಹೀಗೆ ಹೊಟ್ಟೆ ತುಂಬಿದ ಇದ್ದಿಲಿಗೆ ಅಮೆರಿಕದ ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿ ಒಂದು ಸ್ವಂತ ನಂಬರೇ ಇದೆ, ಕೆ-045. ಗುಲಾಬಿ ನೀರಿನದು ಕೆ-047. ಒಂದು ನಂಬರಿನ ಕಸವನ್ನು ಇನ್ನೊಂದು ನಂಬರಿನ ಕಸವನ್ನಾಗಿ ಮಾಡಲು ಖರ್ಚು ಮಾಡಿದಂತಾಯಿತು.

ಹಾಗಾಗಿ ಈ ವಿಷಯದಲ್ಲಿ ಯಾರೇ ಏನೇ ಹೊಸದು ಕಂಡುಹಿಡಿದೆವೆಂದರೂ ನಾನು ಮೊದಲು ಹುಡುಕುವುದು ಒಂದೇ ಉತ್ತರವನ್ನು: ವಿಷವನ್ನು ಎತ್ತಿಟ್ಟರೋ, ಒಡೆದರೋ? ಗಿಡಗಳ ಕಥೆಯನ್ನೂ ಇದೇ ಪ್ರಶ್ನೆ ಹಿಡಿದುಕೊಂಡೇ ಓದಬೇಕು. ಏಕೆಂದರೆ ‘ಸಸ್ಯದಿಂದ ಶುದ್ಧೀಕರಣ’ ಎಂದೊಡನೆ ನಮಗೆ ಭಕ್ತಿ ಉಕ್ಕಿಬಿಡುತ್ತದೆ.

ಒಡೆಯುವುದೆಂದರೇನು ಎಂಬುದಕ್ಕೆ ಸ್ವಲ್ಪ ರಸಾಯನಶಾಸ್ತ್ರ ಬೇಕು, ಹೆದರಬೇಡಿ. ಟಿಎನ್‌ಟಿ ಎಂದರೆ ಟಾಲುಯೀನ್ ಎಂಬ ಇಂಗಾಲದ ಬಳೆಗೆ ಮೂರು ನೈಟ್ರೊ ಗುಂಪುಗಳನ್ನು ಸಿಕ್ಕಿಸಿದ್ದು. ನೈಟ್ರೊ ಗುಂಪಿಗೆ ಎಲೆಕ್ಟ್ರಾನ್ ಕಂಡರೆ ವಿಪರೀತ ಆಸೆ. ಮೂರೂ ಸೇರಿ ಬಳೆಯಲ್ಲಿದ್ದ ಎಲೆಕ್ಟ್ರಾನುಗಳನ್ನೆಲ್ಲ ತಮ್ಮ ಕಡೆಗೆ ಜಗ್ಗಿಕೊಂಡಿರುತ್ತವೆ. ಆಮ್ಲಜನಕ ಬಳಸಿ ಕಸ ತಿನ್ನುವ ಸಾಮಾನ್ಯ ಬ್ಯಾಕ್ಟೀರಿಯಾಗಳು ಬಳೆಯನ್ನು ಕಚ್ಚಲು ಬಂದರೆ ಹಿಡಿತ ಸಿಗುವುದಿಲ್ಲ. ಆದರೆ ಆ ಆಸೆಯೇ ಅದರ ದೌರ್ಬಲ್ಯವೂ ಹೌದು. ಯಾರಾದರೂ ಎಲೆಕ್ಟ್ರಾನುಗಳನ್ನು ಕೈಗಡ ಕೊಟ್ಟರೆ ನೈಟ್ರೊ ಗುಂಪು ಹಿಂದೆಮುಂದೆ ನೋಡದೆ ತೆಗೆದುಕೊಳ್ಳುತ್ತದೆ, ತೆಗೆದುಕೊಂಡಷ್ಟೂ ತನ್ನ ಆಮ್ಲಜನಕ ಕಳೆದುಕೊಂಡು ಅಮೈನೊ ಗುಂಪಾಗಿ ಇಳಿಯುತ್ತದೆ. ಅಲ್ಲಿಗೆ ಸಿಡಿಯುವ ಗುಣ ಹೋಯಿತು. ಬಳೆ ಮಾತ್ರ ಇನ್ನೂ ಇಡಿಯಾಗಿಯೇ ಇದೆ, ನೆನಪಿರಲಿ. ಆರ್‌ಡಿಎಕ್ಸ್‌ನದು ಹಾಗಲ್ಲ. ಅದರ ಬಳೆಯನ್ನು ಇಂಗಾಲ ಮತ್ತು ಸಾರಜನಕ ಒಂದು ಬಿಟ್ಟು ಒಂದರಂತೆ ಪೋಣಿಸಿ ಮಾಡಿದೆ. ಕೈಗಡದ ಒಂದೆರಡು ಕಂತು ಸಂದೊಡನೆ ಬಳೆ ತಾನೇ ಬಿರಿದು ಫಾರ್ಮಾಲ್ಡಿಹೈಡ್, ನೈಟ್ರಸ್ ಆಕ್ಸೈಡ್, ಇಂಗಾಲದ ಡೈ ಆಕ್ಸೈಡ್‌ನಂಥ ಚೂರುಗಳಾಗಿ ಚದುರುತ್ತದೆ. ಒಡೆಯುವ ಮಾತಿಗೆ ನಿಜವಾಗಿ ಒಪ್ಪುವುದು ಆರ್‌ಡಿಎಕ್ಸ್. ಟಿಎನ್‌ಟಿಯನ್ನು ಪಳಗಿಸಬಹುದು ಎನ್ನುವುದು ಹೆಚ್ಚು ಸರಿ.

ಈ ಕೈಗಡ ಕೊಡುವ ಧಣಿ ಗಿಡಗಳೊಳಗೂ ಇದ್ದಾನೆ ಎಂದು ತಿಳಿದದ್ದು 1990ರ ದಶಕದ ಮೊದಲ ಭಾಗದಲ್ಲಿ. ಜಾರ್ಜಿಯಾದ ಅಥೆನ್ಸ್‌ನಲ್ಲಿ ಪರಿಸರ ರಕ್ಷಣಾ ಸಂಸ್ಥೆಯ ಪ್ರಯೋಗಾಲಯದವರು ಕೆಸರಿನಲ್ಲಿ ಟಿಎನ್‌ಟಿ ಮಾಯವಾಗುವುದನ್ನು ಕಂಡು, ಅದಕ್ಕೆ ಕಾರಣವಾದ ನೈಟ್ರೊರಿಡಕ್ಟೇಸ್ ಎಂಬ ಕಿಣ್ವದ ಜಾಡು ಹಿಡಿದು ಹೋದರು. ಜಾಡು ಮುಗಿದದ್ದು ನೀರಿನ ಗಿಡಗಳ ಬಳಿ. ಅವುಗಳಲ್ಲಿ ಮುಂಚೂಣಿಯದು ಪ್ಯಾರಟ್ ಫೆದರ್. ದಕ್ಷಿಣ ಅಮೆರಿಕ ಮೂಲದ, ಗಿಳಿಯ ಪುಕ್ಕದಂಥ ಎಲೆಯ, ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಗಿಡ.

ಆದರೂ ಅನುಮಾನ ಉಳಿದಿತ್ತು. ಗಿಡದ ಮೈಮೇಲೆ ಬ್ಯಾಕ್ಟೀರಿಯಾಗಳ ಸಂತೆಯೇ ಇರುತ್ತದೆ. ಕೆಲಸ ಮಾಡಿದವರು ಅವರೇ ಇರಬಹುದಲ್ಲ? 1997ರಲ್ಲಿ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಜೋಸೆಫ್ ಹ್ಯೂಸ್, ಜಾಕ್ವೆಲಿನ್ ಶಾಂಕ್ಸ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾಗಳ ಸುಳಿವಿಲ್ಲದಂತೆ ಬೆಳೆಸಿದ ಸಸ್ಯಗಳಿಗೆ ಟಿಎನ್‌ಟಿ ಉಣಿಸಿ ನೋಡಿದರು. ಒಂದು ಪ್ಯಾರಟ್ ಫೆದರ್ ಕುಲದ ನೀರಿನ ಗಿಡ. ಇನ್ನೊಂದು, ಗಾಜಿನ ಸೀಸೆಯಲ್ಲಿ ಬೇರನ್ನು ಮಾತ್ರ ಬೆಳೆಸಿದ ಸದಾಪುಷ್ಪ. ನಮ್ಮ ತುಳಸಿಕಟ್ಟೆಯ ಪಕ್ಕ ಯಾರೂ ನೆಡದೆ ಬೆಳೆಯುವ, ನಿತ್ಯಪುಷ್ಪ, ಕಾಶಿಕಣಗಿಲೆ ಎಂದೆಲ್ಲ ಕರೆಯುವ ಅದೇ ಗಿಡ. ಟಿಎನ್‌ಟಿ ಮಾಯವಾಯಿತು, ಅಂದರೆ ಗಿಡಕ್ಕೆ ಆ ಶಕ್ತಿ ಸ್ವಂತದ್ದು. ಜೊತೆಗೆ ಇನ್ನೊಂದು ಸಂಗತಿಯೂ ಗೊತ್ತಾಯಿತು: ಅದು ಇಂಗಾಲದ ಡೈ ಆಕ್ಸೈಡ್ ಆಗಿ ಹಾರಿಹೋಗಲಿಲ್ಲ. ನೈಟ್ರೊ ಗುಂಪು ಅಮೈನೊ ಆಯಿತು, ಗಿಡ ಅದಕ್ಕೆ ಸಕ್ಕರೆಯ ಅಣುವೊಂದನ್ನು ಅಂಟಿಸಿತು, ಆಮೇಲೆ ಬೇರಿನ ನಾರಿನೊಳಗೆ ಹೂತಿಟ್ಟಿತು. ಜರ್ಮನಿಯ ಹೈನ್‌ರಿಶ್ ಸ್ಯಾಂಡರ್‌ಮನ್ ಗಿಡಗಳ ಈ ಗುಣಕ್ಕೆ ‘ಹಸಿರು ಯಕೃತ್ತು’ ಎಂದು ಹೆಸರಿಟ್ಟಿದ್ದಾರೆ. ನಮ್ಮ ಯಕೃತ್ತು ವಿಷವನ್ನು ಮಾರ್ಪಡಿಸಿ ಮೂತ್ರಕ್ಕೆ ಕಳಿಸುತ್ತದೆ. ಗಿಡಕ್ಕೆ ಮೂತ್ರವಿಲ್ಲ, ಜೀವಕೋಶದ ಗೋಡೆಯೊಳಗೆ ಕಟ್ಟಿಕೊಳ್ಳದೆ ಗತಿಯಿಲ್ಲ.

ಪ್ರಯೋಗಾಲಯದಿಂದ ಮೈದಾನಕ್ಕೆ ಬಂದದ್ದು ಟೆನೆಸ್ಸಿಯ ಮಿಲನ್‌ನಲ್ಲಿ. ಅಲ್ಲಿಯ ಮದ್ದುಗುಂಡು ಕಾರ್ಖಾನೆಯ ತೊಳೆದ ನೀರು 1942ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ 11 ಹೊಂಡಗಳಿಗೆ ಹರಿದು ಅಂತರ್ಜಲ ಕೆಡಿಸಿತ್ತು. 1996ರಲ್ಲಿ ಸೈನ್ಯದ ಪರಿಸರ ಕೇಂದ್ರ ಮತ್ತು ಟೆನೆಸ್ಸಿ ವ್ಯಾಲಿ ಅಥಾರಿಟಿ ಸೇರಿ ಆ ನೀರನ್ನು ಮೇಲೆತ್ತಿ ಎರಡು ಬಗೆಯ ಕೃತಕ ಜೌಗಿನಲ್ಲಿ ಹರಿಸಿ ನೋಡಿದರು. ಒಂದು ಕೆರೆಯಂಥದ್ದು, ನೀರೊಳಗೆ ಮುಳುಗಿ ಬೆಳೆಯುವ ಗಿಡಗಳದ್ದು. ಇನ್ನೊಂದು ಜಲ್ಲಿಯ ಹಾಸು, ಜಲ್ಲಿಯ ಸಂದಿನಲ್ಲಿ ನೀರು ಹರಿಯುವಂತೆ ಮಾಡಿ ಮೇಲೆ ಗಿಡ ನೆಟ್ಟಿದ್ದು. ಜಲ್ಲಿಗೆ ಆರಿಸಿದ ಗಿಡಗಳ ಪಟ್ಟಿ ಓದುತ್ತ ಹೋದಾಗ ನಾನು ಒಂದು ಹೆಸರಿನಲ್ಲಿ ನಿಂತೆ. ಸ್ವೀಟ್ ಫ್ಲಾಗ್, ಸಸ್ಯಶಾಸ್ತ್ರದ ಅಕೋರಸ್ ಕ್ಯಾಲಮಸ್. ನಮ್ಮ ಬಜೆ! ಸಾಣೆಕಲ್ಲಿನ ಮೇಲೆ ತೇಯ್ದು ಕೂಸಿನ ನಾಲಿಗೆಗೆ ಸವರಿ ಮಾತು ಚೆನ್ನಾಗಿ ಬರಲಿ ಎನ್ನುವ, ದೃಷ್ಟಿಯಾಗದಿರಲಿ ಎಂದು ದಾರದಲ್ಲಿ ಪೋಣಿಸಿ ಕೈಗೆ ಕಟ್ಟುವ ಬಜೆ. ಅದರ ಬೇರು ಅಲ್ಲಿ ಬಾಂಬು ತೊಳೆದ ನೀರಿನಲ್ಲಿ ಇಳಿಬಿದ್ದಿತ್ತು.

ಗೆದ್ದದ್ದು ಜಲ್ಲಿಯ ಹಾಸು. ಕೆರೆಯಂಥ ಜೌಗು ಟಿಎನ್‌ಟಿಯನ್ನೇನೋ ಇಳಿಸಿತು, ಬಿಸಿಲೂ ಕೈಜೋಡಿಸಿತು. ಆರ್‌ಡಿಎಕ್ಸ್ ಅದಕ್ಕೆ ಜಗ್ಗಲಿಲ್ಲ. ಜಲ್ಲಿಯ ಹಾಸಿನಲ್ಲಿ ಎರಡೂ ಇಳಿದವು, ಚಳಿಗಾಲದಲ್ಲಿ ಮಾತ್ರ ಕೆಲಸ ಮಂದ. ಬಜೆಯ ಮಹಿಮೆ ಎಂದು ಬರೆದು ಮುಗಿಸಲು ನನಗೂ ಆಸೆಯಿದೆ. ಆದರೆ ಮಿಲನ್‌ನ ಆ ಹಾಸಿನ ಮೊದಲ ಅಂಕಣ ಗಾಳಿಯಾಡದಂತೆ ಮಾಡಿದ್ದು, ಅದಕ್ಕೆ ಆಗಾಗ ಕರುಗಳಿಗೆ ಕಲಸಿ ಕುಡಿಸುವ ಹಾಲಿನ ಪುಡಿ ಸುರಿಯುತ್ತಿದ್ದರು. ಹಾಲು ತಿಂದ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸಿ, ಮತ್ತೆ ಉಸಿರಾಡಲು ಏನೂ ಸಿಗದೆ ನೈಟ್ರೊ ಗುಂಪುಗಳಿಗೆ ಎಲೆಕ್ಟ್ರಾನ್ ತಳ್ಳುತ್ತಿದ್ದವು. ಆರ್‌ಡಿಎಕ್ಸ್‌ನ ಬಳೆ ಒಡೆದದ್ದು ಹೆಚ್ಚಾಗಿ ಆ ಕತ್ತಲ ಜಲ್ಲಿಯ ಸಂದಿನಲ್ಲಿ.

ಬದುಕಿರುವ ಗಿಡಕ್ಕೆ ಆರ್‌ಡಿಎಕ್ಸ್ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಯೋವಾ ವಿಶ್ವವಿದ್ಯಾಲಯದ ಜೆರಾಲ್ಡ್ ಶ್ನೂರ್ ಬಳಗ ಪಾಪ್ಲರ್ ಮರದಲ್ಲಿ ಉತ್ತರ ಹುಡುಕಿತು. ಟಿಎನ್‌ಟಿಯ ಬಹುಪಾಲು ಬೇರಲ್ಲೇ ನಿಂತಿತು. ಆರ್‌ಡಿಎಕ್ಸ್ ನೀರಿನ ಜೊತೆ ಕಾಂಡದಲ್ಲಿ ಏರಿ, ಹೀರಿದ್ದರಲ್ಲಿ ಅರ್ಧಕ್ಕೂ ಹೆಚ್ಚು ಎಲೆಗಳಲ್ಲಿ ಹೋಗಿ ಕೂತಿತು, ಬಹುಮಟ್ಟಿಗೆ ಇದ್ದಂತೆಯೇ. ಎಲೆ ಉದುರುತ್ತದೆ. ಉದುರಿದ ಎಲೆಯ ಮೇಲೆ ಮಳೆ ಬೀಳುತ್ತದೆ. ಪಂಪು, ಪೈಪು, ಸಲಹೆಗಾರರು ಎಲ್ಲ ಇದ್ದೂ ವಿಷ ಮರಳಿ ನೆಲಕ್ಕೆ! ಇದೇ ಬಳಗದವರು 2004ರಲ್ಲಿ ಪಾಪ್ಲರ್‌ನ ಅಂಗಾಂಶದೊಳಗೇ ಬದುಕುವ ಮಿಥೈಲೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಈ ಸ್ಫೋಟಕಗಳನ್ನು ಒಡೆಯಬಲ್ಲದೆಂದು ವರದಿ ಮಾಡಿದರು. ಮರ ಸೋತ ಕಡೆ ಮರದ ಬಾಡಿಗೆದಾರ ಗೆದ್ದಂತೆ.

ಲಾವಂಚದ ವಿಷಯ ಇಲ್ಲಿ ಬಿಡುವಂತಿಲ್ಲ. ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ಹಾಕಿ ನೀರಿಗೆ ಪರಿಮಳ ಹಿಡಿಸುವ, ಬೇರು ನೇಯ್ದು ಕಿಟಕಿಗೆ ಕಟ್ಟುವ ಲಾವಂಚ. ಅಮೆರಿಕದಲ್ಲಿ ಕೆಲಸ ಮಾಡಿದ ರೂಪಾಲಿ ದತ್ತ, ದಿಬ್ಯೇಂದು ಸರ್ಕಾರ್, ಕಾನ್‌ಸ್ಟಂಟಿನೊಸ್ ಮ್ಯಾಕ್ರಿಸ್, ಪದ್ಮಿನಿ ದಾಸ್ ಇವರ ತಂಡ 2007ರಿಂದೀಚೆಗೆ ಲಾವಂಚದ ಬೇರಿಗೆ ಟಿಎನ್‌ಟಿಯನ್ನು ಭರ್ಜರಿಯಾಗಿ ಹೀರುವ ಶಕ್ತಿಯಿದೆ ಎಂದು ತೋರಿಸಿದೆ. ಮಣ್ಣಿಗೆ ಯೂರಿಯಾ ಬೆರೆಸಿದರೆ ಹೀರುವುದು ಹೆಚ್ಚುತ್ತದೆ. ಗದ್ದೆಗೆ ಹಾಕುವ ಅದೇ ಯೂರಿಯಾ, ಆದರೆ ಇಲ್ಲಿ ಗೊಬ್ಬರವಾಗಿ ಅಲ್ಲ, ಮಣ್ಣಿನ ಕಣಕ್ಕೆ ಅಂಟಿದ ಟಿಎನ್‌ಟಿಯನ್ನು ಸಡಿಲಗೊಳಿಸುವ ಮದ್ದಾಗಿ. ಆಳಕ್ಕೆ ಇಳಿಯುವ ಬೇರು, ಬರಕ್ಕೂ ಜೌಗಿಗೂ ಒಗ್ಗುವ ಮೈ, ಬೀಜ ಉದುರಿಸಿ ಊರೆಲ್ಲ ಹಬ್ಬದ ಸಭ್ಯತೆ. ಲಾವಂಚಕ್ಕೆ ಈ ಕೆಲಸದಲ್ಲಿ ಭವಿಷ್ಯವಿದೆ ಎಂದು ನನಗನ್ನಿಸುತ್ತದೆ, ಟಿಎನ್‌ಟಿಯ ಮಟ್ಟಿಗೆ. ಆ ಬೇರನ್ನು ಆಮೇಲೆ ಹೂಜಿಗೆ ಮಾತ್ರ ಹಾಕಬೇಡಿ.

ಇಷ್ಟೆಲ್ಲ ಓದಿದ ಮೇಲೆ ನನಗೆ ಬಂದಿರುವ ಅಭಿಪ್ರಾಯ ಸಸ್ಯಪ್ರೇಮಿಗಳಿಗೆ ರುಚಿಸಲಿಕ್ಕಿಲ್ಲ. ಬಾಂಬಿನ ನೀರಿನ ವಿಷಯದಲ್ಲಿ ಬದುಕಿರುವ ಗಿಡಕ್ಕಿಂತ ಸತ್ತ ಗಿಡವೇ ಹೆಚ್ಚು ಕೆಲಸ ಮಾಡುತ್ತದೆ. ಹಸಿರು ಎಲೆಗಿಂತ ಮರದ ಚಕ್ಕೆ, ಹೊಟ್ಟು, ಎಣ್ಣೆ, ಕಾಕಂಬಿ, ಇದ್ದಿಲು. ಗಿಡ ಬದುಕಿದ್ದಾಗ ಸೂರ್ಯನಿಂದ ಗಳಿಸಿ ನಾರಿನಲ್ಲಿ, ಸಕ್ಕರೆಯಲ್ಲಿ ಕೂಡಿಟ್ಟ ಎಲೆಕ್ಟ್ರಾನುಗಳು ಅದು ಕೊಳೆಯುವಾಗ ಬಿಡುಗಡೆಯಾಗುತ್ತವೆ. ಕೈಗಡ ಕೊಡುವ ನಿಜವಾದ ಧಣಿ ಅದು.

ಕೊಲರಾಡೊದ ಪ್ಯೂಬ್ಲೊ ಸೈನಿಕ ಉಗ್ರಾಣದ ಬಳಿ ಆರ್‌ಡಿಎಕ್ಸ್ ಇರುವ ಅಂತರ್ಜಲ ಹರಿಯುವ ದಾರಿಗೆ ಅಡ್ಡಲಾಗಿ 2005ರಲ್ಲಿ ಒಂದು ಉದ್ದನೆಯ ಕಂದಕ ತೋಡಿದರು. ಅದರೊಳಗೆ ತುಂಬಿದ್ದು ಮರದ ಚಕ್ಕೆ ಮತ್ತು ಜಲ್ಲಿ. ಪಂಪಿಲ್ಲ, ವಿದ್ಯುತ್ತಿಲ್ಲ, ಕಾವಲುಗಾರನೂ ಬೇಡ. ನೀರು ತನ್ನ ಪಾಡಿಗೆ ನೆಲದಡಿ ಹರಿದು ಬಂದು ಚಕ್ಕೆಯ ನಡುವೆ ತೂರಿ ಆಚೆ ಹೋಗುತ್ತದೆ. ಒಳಗೆ ಚಕ್ಕೆ ಕೊಳೆಯುತ್ತ ಆಮ್ಲಜನಕ ತೀರಿಹೋಗಿರುತ್ತದೆ, ಮಿಲನ್‌ನ ಜಲ್ಲಿಯ ಕತ್ತಲೆಯೇ ಇಲ್ಲೂ. ಆಚೆ ಬಂದ ನೀರಿನಲ್ಲಿ ಆರ್‌ಡಿಎಕ್ಸ್ ಶೇ 90ಕ್ಕೂ ಹೆಚ್ಚು ಕಡಿಮೆಯಾಗಿತ್ತು. ನಮ್ಮ ತೋಟದ ಬದುವಿನಲ್ಲಿ ಸೋಗೆ, ಸಿಪ್ಪೆ ತುಂಬಿದ ಇಂಗುಗುಂಡಿಯನ್ನು ಕಂಡವರಿಗೆ ಇದರಲ್ಲಿ ಅಂಥ ಹೊಸದೇನೂ ಕಾಣದು. ಹೊಸದಿರುವುದು ಅದರ ಲೆಕ್ಕಾಚಾರದಲ್ಲಿ: ನೀರು ಎಷ್ಟು ವೇಗದಲ್ಲಿ ಬರುತ್ತದೆ, ಎಷ್ಟು ಹೊತ್ತು ಒಳಗೆ ನಿಲ್ಲಬೇಕು, ಚಕ್ಕೆ ಎಷ್ಟು ವರ್ಷಕ್ಕೆ ಸವೆಯುತ್ತದೆ. ಇದಕ್ಕೂ ಒಂದು ದಂಡವಿದೆ. ಆಮ್ಲಜನಕವಿಲ್ಲದ ನೀರಿನಲ್ಲಿ ಮಣ್ಣಿನ ಕಬ್ಬಿಣ, ಮ್ಯಾಂಗನೀಸ್, ಕೆಲವೆಡೆ ಆರ್ಸೆನಿಕ್ ಕೂಡ ಕರಗಿ ಬರುತ್ತವೆ, ಮೀಥೇನ್ ಹುಟ್ಟುತ್ತದೆ. ಕಂದಕದಿಂದ ಆಚೆ ಒಂದಷ್ಟು ದೂರ ನೀರು ಆ ಕಾಟ ಕಳೆದುಕೊಳ್ಳುವವರೆಗೆ ಅಲ್ಲಿ ಯಾರೂ ಬಾವಿ ತೋಡುವಂತಿಲ್ಲ.

ವರ್ಜೀನಿಯಾದ ಡಾಲ್‌ಗ್ರೆನ್‌ನಲ್ಲಿ ನೌಕಾಪಡೆಯ ಪ್ರಯೋಗ ಮೈದಾನವಿದೆ. ಅಲ್ಲಿ ಪಾಲ್ ಹ್ಯಾಟ್‌ಜಿಂಗರ್, ಮಾರ್ಕ್ ಫುಲ್ಲರ್ ಅವರ ತಂಡ ಕಂದಕವನ್ನೂ ತೋಡಲಿಲ್ಲ. ಖಾದ್ಯ ಎಣ್ಣೆಯನ್ನು ನೀರಿನೊಂದಿಗೆ ಕಡೆದು ಮಜ್ಜಿಗೆಯಂತೆ ಮಾಡಿ ಕೊಳವೆಬಾವಿಗಳ ಸಾಲಿಗೆ ಇಳಿಸಿದರು. ಎಣ್ಣೆಯ ಸಣ್ಣ ಹನಿಗಳು ಮರಳಿಗೆ ಅಂಟಿ ನೆಲದಡಿ ಒಂದು ಕಾಣದ ತಡಿಕೆಯಾದವು. ಆರ್‌ಡಿಎಕ್ಸ್ ಜೊತೆಗೆ ರಾಕೆಟ್ ಇಂಧನದ ಪರ್‌ಕ್ಲೋರೇಟ್ ಕೂಡ ಅಲ್ಲಿ ಸಿಕ್ಕಿಬಿದ್ದು ಒಡೆಯಿತು. ಇದೇ ತಂಡ ಇದಕ್ಕೂ ಮೊದಲು ಪೀಟ್ ಮಾಸ್ ಎಂಬ ಜೌಗುಪಾಚಿಯ ಹುಡಿಗೆ ಸೋಯಾ ಎಣ್ಣೆ ಸವರಿ, ಗುಂಡು ಬೀಳುವ ಮೈದಾನದ ಮೇಲ್ಮಣ್ಣಲ್ಲಿ ಹರಡಿದರೆ ಸ್ಫೋಟಕ ಕೆಳಗೆ ಇಳಿಯುವ ಮೊದಲೇ ತಡೆಯಬಹುದೆಂದು ತೋರಿಸಿತ್ತು. ಇಲಿನಾಯ್‌ನ ಜೋಲಿಯೆಟ್ ಕಾರ್ಖಾನೆಯ ಮಣ್ಣನ್ನು ನೀರಲ್ಲಿ ಕದಡಿ ಕಾಕಂಬಿ ಬೆರೆಸಿ ಟಿಎನ್‌ಟಿ ಇಳಿಸಿದ್ದೂ ಉಂಟು. ಸಕ್ಕರೆ ಕಾರ್ಖಾನೆಗಳ ನಾಡಿನವರಿಗೆ ಕಾಕಂಬಿ ಎಂದರೆ ಸ್ಪಿರಿಟ್ಟಿನ ನೆನಪು. ಬ್ಯಾಕ್ಟೀರಿಯಾಗಳಿಗೂ ಅದು ಹಬ್ಬವೇ.

ಇದ್ದಿಲಿಗೆ ಮತ್ತೆ ಬರೋಣ, ಏಕೆಂದರೆ ಅದಕ್ಕೆ ಮೇಲೆ ಸ್ವಲ್ಪ ಅನ್ಯಾಯ ಮಾಡಿದ್ದೇನೆ. ಡೆಲಾವೇರ್ ವಿಶ್ವವಿದ್ಯಾಲಯದ ಪೇ ಚಿಯು ಮತ್ತು ಸಿಯೋಕ್-ಯಂಗ್ ಓ 2009ರಲ್ಲಿ ಪ್ರಕಟಿಸಿದ ಕೆಲಸದ ತಿರುಳು ಇದು: ಇಂಗಾಲ ಬರೀ ಸ್ಪಂಜಲ್ಲ, ತಂತಿಯೂ ಹೌದು. ಗ್ರಾಫೈಟ್ ಅಥವಾ ಮಸಿಗೆ ಅಂಟಿ ಕೂತ ಆರ್‌ಡಿಎಕ್ಸ್‌ಗೆ ಅದರ ಮೂಲಕವೇ ಎಲೆಕ್ಟ್ರಾನ್ ಹಾಯಿಸಿ ಅಲ್ಲಿಯೇ ಒಡೆಯಬಹುದು. ಎಲೆಕ್ಟ್ರಾನ್ ಕೊಡುವ ರಾಸಾಯನಿಕವೊಂದು ಜೊತೆಗಿದ್ದರೆ ಸಾಕು. ಮುಂದೆ ಅದೇ ಬಳಗ ಮರದ ಇದ್ದಿಲು ತನ್ನೊಳಗೇ ಎಲೆಕ್ಟ್ರಾನ್ ತುಂಬಿಕೊಂಡು, ಬೇಕಾದಾಗ ಕೊಟ್ಟು, ಮತ್ತೆ ತುಂಬಿಸಿಕೊಳ್ಳಬಲ್ಲದೆಂದು ಅಳೆದು ತೋರಿಸಿತು. ಕಡಿಮೆ ಗಾಳಿಯಲ್ಲಿ ಸುಟ್ಟ ಕಟ್ಟಿಗೆಯ ಚೂರೊಂದು ಚಾರ್ಜ್ ಆಗುವ ಬ್ಯಾಟರಿಯಂತೆ! ಕೆ-045 ಎಂದು ನಂಬರು ಹಾಕಿ ಎಸೆಯುವ ಇದ್ದಿಲು ಹಿಡಿದಿಡುವ ಜಾಗದಲ್ಲೇ ಒಡೆಯುವಂತಾದರೆ ಲೆಕ್ಕವೇ ಬದಲಾಗುತ್ತದೆ. ಈ ಇಡೀ ಕ್ಷೇತ್ರದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇದೇ.

ಸೋಯಾ ಕಾಳಿನ ಸಿಪ್ಪೆಯ ಪೆರಾಕ್ಸಿಡೇಸ್ ಕಿಣ್ವದ್ದು ಸಣ್ಣ ಕಥೆ. ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದವರು ಟಿಎನ್‌ಟಿಯ ಸೋದರಸಂಬಂಧಿಗಳಾದ ಡೈನೈಟ್ರೊಟಾಲುಯೀನ್‌ಗಳನ್ನು ಮೊದಲು ಕಬ್ಬಿಣದ ಪುಡಿಯಿಂದ ಅಮೈನುಗಳಾಗಿಸಿ, ಆಮೇಲೆ ಸಿಪ್ಪೆಯ ಕಿಣ್ವ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಹೆಪ್ಪುಗಟ್ಟಿಸಿ ಸೋಸಿದರು. ಎಣ್ಣೆ ಗಿರಣಿಯ ಹಿತ್ತಲಲ್ಲಿ ಬೀಳುವ ಸಿಪ್ಪೆಗೆ ಇದು ಒಳ್ಳೆಯ ಉದ್ಯೋಗ. ಆದರೆ ನಮ್ಮ ಪ್ರಶ್ನೆಗೆ ಉತ್ತರ: ಒಡೆದಿಲ್ಲ, ಎತ್ತಿಟ್ಟಿದ್ದಾರೆ.

ಹಾಗಾದರೆ ಬದುಕಿರುವ ಗಿಡಕ್ಕೇ ಒಡೆಯುವ ವಿದ್ಯೆ ಕಲಿಸಬಾರದೇ? ಕಲಿಸಿದ್ದಾರೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ನೀಲ್ ಬ್ರೂಸ್, ಲಿಜ್ ರೈಲಟ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಟುವರ್ಟ್ ಸ್ಟ್ರ್ಯಾಂಡ್ ಎರಡು ದಶಕ ಇದರ ಬೆನ್ನು ಹತ್ತಿದವರು. ಆರ್‌ಡಿಎಕ್ಸ್ ತಿಂದು ಬದುಕುವ ರೋಡೊಕಾಕಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ಎಕ್ಸ್‌ಪಿಎಲ್‌ಎ ಎಂಬ ಜೀನ್ ತೆಗೆದು ಗಿಡಕ್ಕೆ ಸೇರಿಸಿದರು, 2006ರಲ್ಲಿ ಮೊದಲು ಅರಾಬಿಡಾಪ್ಸಿಸ್ ಎಂಬ ಪುಟ್ಟ ಪ್ರಯೋಗದ ಗಿಡಕ್ಕೆ, ಆಮೇಲೆ ಸ್ವಿಚ್‌ಗ್ರಾಸ್ ಎಂಬ ಆಳೆತ್ತರದ ಹುಲ್ಲಿಗೆ. ನ್ಯೂಯಾರ್ಕ್ ರಾಜ್ಯದ ಫೋರ್ಟ್ ಡ್ರಮ್ ಸೈನಿಕ ನೆಲೆಯಲ್ಲಿ ಮೂರು ವರ್ಷ ಬೆಳೆಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಕ್ಟೇರಿಗೆ 27 ಕಿಲೊ ಆರ್‌ಡಿಎಕ್ಸ್ ಒಡೆಯುವ ದರ. ಪಾಪ್ಲರ್‌ನ ಎಲೆಯ ಗೋಳು ಇಲ್ಲಿಲ್ಲ, ಹೀರಿದ್ದನ್ನು ಹುಲ್ಲು ಒಳಗೇ ಒಡೆದು ಅದರ ಸಾರಜನಕವನ್ನು ಊಟ ಮಾಡುತ್ತದೆ. ಪ್ರಾಮಾಣಿಕ ಉತ್ತರ, ಒಪ್ಪಬೇಕು. ಮೈದಾನದಿಂದ ಮೈದಾನಕ್ಕೆ ಅದು ಹೋಗಬೇಕಾದರೆ ಕುಲಾಂತರಿ ಹುಲ್ಲಿಗೆ ಸರ್ಕಾರದ ಅನುಮತಿ ಬೇಕು. ಸ್ವಿಚ್‌ಗ್ರಾಸ್ ಅಮೆರಿಕದ ಸ್ವಂತ ಹುಲ್ಲು, ಅದರ ಪರಾಗ ಗಾಳಿಯಲ್ಲಿ ಹಾರುತ್ತದೆ. ತಕರಾರು ಅಲ್ಲಿದೆ.

ಈ ನಡುವೆ ಬಾಂಬೇ ಬದಲಾಗುತ್ತಿದೆ. ಅಪಘಾತದಲ್ಲಿ ಸುಲಭಕ್ಕೆ ಸಿಡಿಯದ ಐಎಂಎಕ್ಸ್-101 ಎಂಬ ಮಿಶ್ರಣವನ್ನು ಅಮೆರಿಕದ ಸೈನ್ಯ 2010ರಲ್ಲಿ ಫಿರಂಗಿ ಶೆಲ್ಲಿನ ಟಿಎನ್‌ಟಿಗೆ ಬದಲಿಯಾಗಿ ಒಪ್ಪಿಕೊಂಡಿತು. ಸೈನಿಕನಿಗೆ ಅದು ಒಳ್ಳೆಯದು. ಅದರಲ್ಲಿರುವ ಎನ್‌ಟಿಒ ಎಂಬ ಭಾಗ ಮಾತ್ರ ಲೀಟರ್ ನೀರಿನಲ್ಲಿ 16 ಗ್ರಾಂಗೂ ಹೆಚ್ಚು ಕರಗುತ್ತದೆ. ಟಿಎನ್‌ಟಿ ಕರಗುವುದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು. ಅಂದರೆ ಮಳೆ ಬಂದಾಗ ಎನ್‌ಟಿಒ ಮಣ್ಣಲ್ಲಿ ನಿಲ್ಲುವ ಮಾತೇ ಇಲ್ಲ. ಹೀಗಾಗಿ ಫುಲ್ಲರ್ ಅವರಂಥವರು ಈಗ ಮೈದಾನದ ಚರಂಡಿಗಳಲ್ಲೇ ಪೀಟ್, ರಾಸಾಯನಿಕವಾಗಿ ಹದಗೊಳಿಸಿದ ಪೈನ್ ಮರದ ಹೆರೆ, ಇದ್ದಿಲು ತುಂಬಿದ ಸೋಸುಗಗಳನ್ನು ಪರೀಕ್ಷಿಸುತ್ತಿದ್ದಾರೆ.

ನಮ್ಮ ಊರಿನ ಕಲ್ಲು ಕ್ವಾರಿಗಳಿಗೂ ಇದನ್ನು ಅನ್ವಯಿಸಬಹುದೇ ಎಂದು ಗೆಳೆಯರೊಬ್ಬರು ಕೇಳಿದರು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು ಸಿಡಿದ ರಾತ್ರಿಯ ಸದ್ದು ಕೇಳಿದವರಿಗೆ ಸ್ಫೋಟಕ ಎಂದರೆ ಜಿಲೆಟಿನ್ ಕಡ್ಡಿ. ಕ್ವಾರಿಗಳಲ್ಲಿ ಈಗ ಬಳಸುವುದು ಬಹುತೇಕ ಅಮೋನಿಯಂ ನೈಟ್ರೇಟ್ ಮೂಲದ ಸರಕು. ಅದು ನೀರಿಗೆ ಬಿಡುವುದು ನೈಟ್ರೇಟನ್ನು, ಟಿಎನ್‌ಟಿಯನ್ನಲ್ಲ. ಗೊಬ್ಬರ ಮತ್ತು ಚರಂಡಿಯಿಂದ ನಮ್ಮ ಕೊಳವೆಬಾವಿಗಳಿಗೆ ಇಳಿಯುವುದೂ ಅದೇ ನೈಟ್ರೇಟ್. ಮರದ ಚಕ್ಕೆಯ ಕಂದಕ ನೈಟ್ರೇಟಿಗೂ ಕೆಲಸ ಮಾಡುತ್ತದೆ, ಆರ್‌ಡಿಎಕ್ಸ್‌ಗಿಂತ ಸಲೀಸಾಗಿ. ನಮ್ಮ ರೈತರಿಗೆ ಉಪಯೋಗವಾಗಬಹುದಾದ ತುಣುಕು ಇದ್ದರೆ ಅದು ಇದು, ಬಜೆಯಲ್ಲ.

ಕೊನೆಗೆ ಆರೆಗಾನ್ ರಾಜ್ಯದ ಉಮಟಿಲ್ಲಾ. 1950ರ ದಶಕದಿಂದ 1965ರವರೆಗೆ ಅಲ್ಲಿಯ ಸೈನಿಕ ಉಗ್ರಾಣದಲ್ಲಿ ಬಾಂಬುಗಳ ಹೊಟ್ಟೆ ತೊಳೆದ 8.5 ಕೋಟಿ ಗ್ಯಾಲನ್, ಅಂದರೆ ಸುಮಾರು 32 ಕೋಟಿ ಲೀಟರ್ ಗುಲಾಬಿ ನೀರನ್ನು ಎರಡು ಮಣ್ಣಿನ ಹೊಂಡಗಳಿಗೆ ಬಿಟ್ಟಿದ್ದರು. 1990ರ ದಶಕದಲ್ಲಿ ಆ ಹೊಂಡಗಳ ಮಣ್ಣನ್ನು ಅಗೆದು, ಸಗಣಿ, ಕೋಳಿಗೊಬ್ಬರ, ಮರದ ಹೊಟ್ಟು, ಕುದುರೆ ಮಸಾಲೆ ಸೊಪ್ಪು, ಆಲೂಗಡ್ಡೆಯ ಕಸ ಬೆರೆಸಿ ಉದ್ದನೆಯ ತಿಪ್ಪೆಗಳನ್ನು ಹಾಕಿ ಮಗುಚುತ್ತ ಹೋದರು. ಪ್ರಯೋಗದಲ್ಲಿ ನಲವತ್ತು ದಿನಕ್ಕೆ ಟಿಎನ್‌ಟಿ, ಆರ್‌ಡಿಎಕ್ಸ್ ಎರಡೂ ಶೇ 99ಕ್ಕೂ ಹೆಚ್ಚು ಇಳಿದಿದ್ದವು. ಸುಡುವುದಕ್ಕಿಂತ ಅಗ್ಗವೂ ಆಯಿತು. ಮಣ್ಣಿನ ಕೆಲಸ ಕೆಲವೇ ವರ್ಷಗಳಲ್ಲಿ ಮುಗಿಯಿತು. ಕೆಳಗೆ ಇಳಿದುಹೋಗಿದ್ದ ನೀರನ್ನು ಮೇಲೆತ್ತಿ ಇದ್ದಿಲಿನಲ್ಲಿ ಸೋಸುವ ಪಂಪುಗಳು 1997ರಲ್ಲಿ ಶುರುವಾದವು. ಹದಿನೈದು ವರ್ಷ ಕಳೆದ ಮೇಲೂ ಅವು ಓಡುತ್ತಲೇ ಇದ್ದವು.